ನಂಜು ಇಳಿದರೂ ಹೋಗದ ಸುಸ್ತು: ಕೊಳಕುಮಂಡಲದ ಕಡಿತಕ್ಕೂ ಪಿಟ್ಯುಟರಿ ಗ್ರಂಥಿಗೂ ಏನು ನಂಟು?

ರಾಗಿ ಕೊಯ್ಲಿನ ಕಾಲದಲ್ಲಿ ಕಡೂರು, ಅರಸೀಕೆರೆ, ಚನ್ನರಾಯಪಟ್ಟಣದ ಬಯಲು ಸೀಮೆಯಲ್ಲಿ ಕೊಳಕುಮಂಡಲ ಹಾವಿನ ಕಡಿತ ಹೊಸದಲ್ಲ. ಕಂತೆ ಎತ್ತುವಾಗ, ತೆಂಗಿನ ಗರಿಯ ರಾಶಿಗೆ ಕೈ ಹಾಕುವಾಗ, ಕತ್ತಲಲ್ಲಿ ನೀರು ಕಟ್ಟಲು ಹೋದಾಗ ಕಚ್ಚುತ್ತದೆ. ಇಪ್ಪತ್ತು ವಯಲ್ ಪ್ರತಿವಿಷ, ಕೆಲವರಿಗೆ ನಾಲ್ಕೈದು ಸಲ ಡಯಾಲಿಸಿಸ್, ಎರಡು ಮೂರು ವಾರ ಆಸ್ಪತ್ರೆ ವಾಸ. ಆಮೇಲೆ ಮನೆಗೆ ಕಳಿಸುತ್ತಾರೆ. ಜೀವ ಉಳಿಯಿತಲ್ಲ ಎಂದು ಮನೆಯವರು ದೇವರಿಗೆ ಹಣ್ಣುಕಾಯಿ ಮಾಡಿಸುತ್ತಾರೆ.

ಇನ್ನೊಂದು ಕಾಯಿಲೆ ಕೆಲವರಲ್ಲಿ ಶುರುವಾಗುವುದು ಇಲ್ಲಿಂದಲೇ. ಅದು ಸಾಮಾನ್ಯವಾಗಿ ಹೀಗೆ ಸಾಗುತ್ತದೆ: ಮೂರ್ನಾಲ್ಕು ತಿಂಗಳು ಕಳೆದರೂ ಕಚ್ಚಿಸಿಕೊಂಡ ಹೆಣ್ಣುಮಗಳಿಗೆ ಬೆಳಿಗ್ಗೆ ಹಾಸಿಗೆಯಿಂದ ಏಳಲು ಆಗದು. ಊಟ ಸೇರದು. ಎದ್ದು ನಿಂತರೆ ತಲೆ ಸುತ್ತು. ಎಲ್ಲರಿಗೂ ಸೆಕೆಯಾಗುವಾಗ ಅವಳಿಗೆ ಚಳಿ. ಮುಟ್ಟು ನಿಂತಿರುತ್ತದೆ, ಅದನ್ನು ಯಾರಿಗೂ ಹೇಳಿರುವುದಿಲ್ಲ. ಅತ್ತೆ ಹೇಳುತ್ತಾರೆ, "ನಂಜು ಪೂರ್ತಿ ಇಳಿದಿಲ್ಲ ಕಣವ್ವ, ಉಪ್ಪು ಹುಳಿ ಬಿಟ್ಟು ಪಥ್ಯ ಮಾಡು." ಊರಿನ ಕ್ಲಿನಿಕ್ಕಿನಲ್ಲಿ ರಕ್ತ ಕಮ್ಮಿ ಎಂದು ಟಾನಿಕ್ ಬರೆಯುತ್ತಾರೆ, ಒಂದು ಗ್ಲೂಕೋಸ್ ಬಾಟಲಿ ಏರಿಸುತ್ತಾರೆ, ಶಕ್ತಿಗೆಂದು ಒಂದು ಸೂಜಿ ಚುಚ್ಚುತ್ತಾರೆ. ಎರಡು ದಿನ ಚೆನ್ನಾಗಿರುತ್ತದೆ, ಮತ್ತೆ ಅದೇ ಪಾಡು.

ಮೈಯಲ್ಲಿ ನಂಜೇನೂ ಉಳಿದಿರುವುದಿಲ್ಲ. ವಿಷ ಕೆಲವೇ ದಿನಗಳಲ್ಲಿ ದೇಹ ಬಿಟ್ಟು ಹೋಗಿರುತ್ತದೆ. ಉಳಿದಿರುವುದು ಅದು ಕೆಡಿಸಿ ಹೋದ ಒಂದು ಗ್ರಂಥಿ. ಮೆದುಳಿನ ಅಡಿಯಲ್ಲಿ ಬಟಾಣಿ ಕಾಳಿನಷ್ಟು ದಪ್ಪಗೆ ಕೂತಿರುವ ಪಿಟ್ಯುಟರಿ. ಈ ಹಾನಿಯನ್ನು ಒಂದು ಬೆಳಗಿನ ರಕ್ತಪರೀಕ್ಷೆಯಿಂದ ಗುರುತಿಸಬಹುದು, ಅಗ್ಗದ ಮಾತ್ರೆಗಳಿಂದ ಸರಿದೂಗಿಸಬಹುದು. ಗುರುತಿಸದಿದ್ದರೆ ಒಂದು ಸಾದಾ ಜ್ವರಕ್ಕೇ ಜೀವ ಹೋಗಬಹುದು. ಕರ್ನಾಟಕ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು, ದೇಶದಲ್ಲೇ ಮೊದಲು. ದೊಡ್ಡ ಹೆಜ್ಜೆ ಅದು. ಆದರೆ ಲೆಕ್ಕ ನಿಲ್ಲುವುದು ಎರಡೇ ಕಡೆ, ಸತ್ತರು ಅಥವಾ ಬಿಡುಗಡೆಯಾದರು. ಬಿಡುಗಡೆಯಾದವರ ಆರು ತಿಂಗಳ ನಂತರದ ಗತಿ ಯಾವ ಪುಸ್ತಕದಲ್ಲೂ ಇಲ್ಲ. ಇದು ಯಾಕೆ ತಪ್ಪು ಎಂದು ತಿಳಿಯಲು ಗ್ರಂಥಿ ಹೇಗೆ ಹುಟ್ಟಿತು, ಅದಕ್ಕೆ ರಕ್ತ ಎಲ್ಲಿಂದ ಬರುತ್ತದೆ ಎಂಬಲ್ಲಿಂದ ಶುರು ಮಾಡಬೇಕು.

ಎರಡು ಕಡೆಯಿಂದ ಬಂದು ಕೂಡಿದ ಗ್ರಂಥಿ

ಪಿಟ್ಯುಟರಿ ನೋಡಲು ಒಂದು, ಹುಟ್ಟಿನಲ್ಲಿ ಎರಡು. ಗರ್ಭದ ನಾಲ್ಕನೇ ವಾರದಲ್ಲಿ ಭ್ರೂಣದ ಬಾಯಿಯ ಮೇಲ್ಛಾವಣಿ ಒಂದು ಸಣ್ಣ ಚೀಲದಂತೆ ಮೇಲಕ್ಕೆ ಉಬ್ಬುತ್ತದೆ. ಇದನ್ನು 1838ರಲ್ಲಿ ವಿವರಿಸಿದ ಮಾರ್ಟಿನ್ ರಾತ್ಕೆಯ ಹೆಸರಿನಿಂದ ರಾತ್ಕೆಯ ಚೀಲ ಎನ್ನುತ್ತಾರೆ. ಅದೇ ಹೊತ್ತಿಗೆ ಮೆದುಳಿನ ತಳದಿಂದ ಒಂದು ಕುಡಿ ಕೆಳಕ್ಕೆ ಇಳಿಯುತ್ತದೆ. ಐದನೇ ವಾರದ ಹೊತ್ತಿಗೆ ಎರಡೂ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲುತ್ತವೆ. ಎರಡನೇ ತಿಂಗಳು ಮುಗಿಯುವುದರೊಳಗೆ ಬಾಯಿಯ ಜೊತೆಗಿನ ಕೊಂಡಿ ಕಳಚಿ, ನಡುವೆ ಮೂಳೆ ಬೆಳೆದು, ದಾರಿ ಮುಚ್ಚುತ್ತದೆ. ಬಾಯಿಂದ ಬಂದದ್ದು ಮುಂದಿನ ಹಾಲೆ, ಮೆದುಳಿನಿಂದ ಇಳಿದದ್ದು ಹಿಂದಿನ ಹಾಲೆ ಮತ್ತು ಗ್ರಂಥಿಯನ್ನು ಮೆದುಳಿಗೆ ತೂಗುಹಾಕಿದ ತೊಟ್ಟು. ಚೀಲದ ಚೂರುಗಳು ಕೆಲವರಲ್ಲಿ ಹಾಗೇ ಉಳಿದು ಮುಂದೆ ನೀರುಗುಳ್ಳೆಗಳೋ ಗೆಡ್ಡೆಗಳೋ ಆಗುವುದುಂಟು. ಅದು ಬೇರೆಯೇ ವಿಷಯ.

ದೊಡ್ಡವರಲ್ಲಿ ಇದರ ತೂಕ ಅರ್ಧ ಗ್ರಾಮಿನ ಆಸುಪಾಸು. ಅಗಲ 12-13 ಮಿಲಿಮೀಟರ್, ಎತ್ತರ ಸುಮಾರು 6. ಮೂಗಿನ ಹಿಂದೆ, ತಲೆಬುರುಡೆಯ ತಳದ ಮೂಳೆಯಲ್ಲಿ ಕುದುರೆಯ ಜೀನಿನ ಆಕಾರದ ಒಂದು ಗುಳಿ ಇದೆ, ಅದರೊಳಗೆ ಇದರ ವಾಸ. ಮೇಲೆ ಕಣ್ಣಿನ ನರಗಳು ಕತ್ತರಿಯಂತೆ ಹಾಯುವ ಜಾಗ. ಎರಡೂ ಪಕ್ಕದಲ್ಲಿ ಮೆದುಳಿಗೆ ಹೋಗುವ ದೊಡ್ಡ ರಕ್ತನಾಳಗಳು. ಇಷ್ಟು ಭದ್ರವಾದ ಜಾಗ ದೇಹದಲ್ಲಿ ಇನ್ನೊಂದಿಲ್ಲ ಎನಿಸುತ್ತದೆ. ಆದರೆ ಈ ಭದ್ರತೆಯೇ ಒಮ್ಮೊಮ್ಮೆ ಮುಳುವಾಗುತ್ತದೆ. ಗ್ರಂಥಿ ಊದಿಕೊಂಡರೆ ಹಿಗ್ಗಲು ಜಾಗವಿಲ್ಲ, ತನ್ನ ರಕ್ತನಾಳಗಳನ್ನು ತಾನೇ ಹಿಸುಕಿಕೊಳ್ಳುತ್ತದೆ.

ಎರಡು ಹಾಲೆಗಳಿಗೆ ರಕ್ತ ಬರುವ ಬಗೆಯೂ ಬೇರೆ ಬೇರೆ. ಹಿಂದಿನ ಹಾಲೆಗೆ ಅಪಧಮನಿಯಿಂದ ನೇರವಾಗಿ, ಪೂರ್ಣ ಒತ್ತಡದ ರಕ್ತ. ಮುಂದಿನ ಹಾಲೆಗೆ ಹಾಗಲ್ಲ. ರಕ್ತ ಮೊದಲು ತೊಟ್ಟಿನ ಬುಡದಲ್ಲಿರುವ ಲೋಮನಾಳಗಳ ಒಂದು ಜಾಲಕ್ಕೆ ಬರುತ್ತದೆ. ಪಿಟ್ಯುಟರಿಯನ್ನು ನಡೆಸುವ ಮೆದುಳಿನ ಭಾಗವಾದ ಹೈಪೋಥಲಾಮಸ್ ತನ್ನ ಆದೇಶದ ಹಾರ್ಮೋನುಗಳನ್ನು ಅಲ್ಲಿ ಬೆರೆಸುತ್ತದೆ. ಅದೇ ರಕ್ತ ಸಣ್ಣ ಅಭಿಧಮನಿಗಳಲ್ಲಿ ತೊಟ್ಟಿನುದ್ದಕ್ಕೂ ಇಳಿದು ಮುಂದಿನ ಹಾಲೆಯಲ್ಲಿ ಎರಡನೇ ಸಲ ಜಾಲವಾಗಿ ಹರಡುತ್ತದೆ. ಅಂದರೆ ಮುಂದಿನ ಹಾಲೆ ಬದುಕುವುದು ಒಂದು ಸಲ ಜಾಲ ದಾಟಿ ಒತ್ತಡ ಕಳೆದುಕೊಂಡ ರಕ್ತದ ಮೇಲೆ. ಹೇಮಾವತಿ ನಾಲೆಯ ಕೊನೆಭಾಗದ ರೈತನ ಹಾಗೆ. ಗೊರೂರಿನಲ್ಲಿ ನೀರು ತುಂಬಿದಾಗ ಎಲ್ಲರಿಗೂ ಬರುತ್ತದೆ, ಮಟ್ಟ ಇಳಿದಾಗ ಮೊದಲು ಒಣಗುವುದು ಕೊನೆಯ ಗದ್ದೆ. ರಕ್ತದೊತ್ತಡ ಕುಸಿದಾಗಲೂ ರಕ್ತನಾಳಗಳು ಕಟ್ಟಿಕೊಂಡಾಗಲೂ ಮೊದಲು ಸಾಯುವುದು ಮುಂದಿನ ಹಾಲೆ. ಹಿಂದಿನದು ಸಾಮಾನ್ಯವಾಗಿ ಉಳಿಯುತ್ತದೆ. ಇಡೀ ಕಾಯಿಲೆಯ ಕೀಲಿ ಇದರಲ್ಲಿದೆ.

ಯಾವ ಹಾರ್ಮೋನು ಹೋದರೆ ಏನಾಗುತ್ತದೆ

ಮುಂದಿನ ಹಾಲೆಯಲ್ಲಿ ಐದು ಬಗೆಯ ಕೋಶಗಳಿವೆ. ಅರ್ಧಕ್ಕೆ ಹತ್ತಿರದಷ್ಟು ಬೆಳವಣಿಗೆಯ ಹಾರ್ಮೋನು ತಯಾರಿಸುವಂಥವು. ಉಳಿದವು ಎದೆಹಾಲಿನ ಪ್ರೊಲ್ಯಾಕ್ಟಿನ್, ಅಂಡಾಶಯ-ವೃಷಣಗಳನ್ನು ನಡೆಸುವ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್, ಥೈರಾಯ್ಡ್ ನಡೆಸುವ ಟಿಎಸ್‌ಎಚ್, ಮೂತ್ರಪಿಂಡದ ಮೇಲೆ ಟೊಪ್ಪಿಗೆಯಂತೆ ಕೂತ ಅಡ್ರಿನಲ್ ಗ್ರಂಥಿಯನ್ನು ನಡೆಸುವ ಎಸಿಟಿಎಚ್ ತಯಾರಿಸುತ್ತವೆ. ಹಿಂದಿನ ಹಾಲೆ ತಾನಾಗಿ ಏನನ್ನೂ ತಯಾರಿಸದು. ಹೈಪೋಥಲಾಮಸ್‌ನಲ್ಲಿ ತಯಾರಾದ, ಮೂತ್ರದಲ್ಲಿ ನೀರು ಪೋಲಾಗದಂತೆ ಹಿಡಿಯುವ ವ್ಯಾಸೊಪ್ರೆಸಿನ್ ಮತ್ತು ಆಕ್ಸಿಟೋಸಿನ್‌ಗಳನ್ನು ನರತಂತುಗಳ ತುದಿಯಲ್ಲಿ ಕೂಡಿಟ್ಟುಕೊಂಡು ಬೇಕಾದಾಗ ಬಿಡುತ್ತದೆ.

ಜೀವ ಉಳಿಯಬೇಕಾದರೆ ಇವುಗಳಲ್ಲಿ ಅತಿ ಮುಖ್ಯ ಎಸಿಟಿಎಚ್. ಅದಿಲ್ಲದಿದ್ದರೆ ಅಡ್ರಿನಲ್ ಗ್ರಂಥಿ ಕಾರ್ಟಿಸೋಲ್ ತಯಾರಿಸದು. ಬೆಳಿಗ್ಗೆ ಏಳುವ ಹೊತ್ತಿಗೆ ರಕ್ತದಲ್ಲಿ ಅತಿ ಹೆಚ್ಚಿರಬೇಕಾದ ಹಾರ್ಮೋನು ಅದು. ಸಕ್ಕರೆ ಅಂಶ ಕುಸಿಯದಂತೆ, ರಕ್ತದೊತ್ತಡ ಬೀಳದಂತೆ ಹಿಡಿಯುತ್ತದೆ. ಜ್ವರ ಬಂದಾಗ, ಪೆಟ್ಟಾದಾಗ, ಆಪರೇಷನ್ ಆದಾಗ ಅದರ ಪ್ರಮಾಣ ಹಲವು ಪಟ್ಟು ಏರಬೇಕು. ಏರದಿದ್ದರೆ ವಾಂತಿ, ರಕ್ತದೊತ್ತಡದ ಕುಸಿತ, ಸೋಡಿಯಂ ಕುಸಿತ, ಪ್ರಜ್ಞೆ ತಪ್ಪುವುದು, ಸಾವು. ಕಾರ್ಟಿಸೋಲ್ ಇಲ್ಲದಾಗ ದೇಹ ನೀರನ್ನು ಹೊರಹಾಕದೆ ಹಿಡಿದಿಟ್ಟುಕೊಂಡು ರಕ್ತದ ಸೋಡಿಯಂ ತೆಳುವಾಗುತ್ತದೆ. ಅದಕ್ಕೇ ಉಪ್ಪು ಬಿಟ್ಟ ಪಥ್ಯ ಇವರಿಗೆ ಅಪಾಯ. ಉಪ್ಪಿಲ್ಲದ ಬರೀ ಗ್ಲೂಕೋಸ್ ಬಾಟಲಿಯೂ ಅಷ್ಟೇ. ಸಕ್ಕರೆ ಏರಿ ಒಂದು ದಿನ ಗೆಲುವಾಗಿ ಕಂಡರೂ ಒಳಗೆ ಸೋಡಿಯಂ ಇನ್ನಷ್ಟು ಇಳಿದಿರುತ್ತದೆ.

ಟಿಎಸ್‌ಎಚ್ ಹೋದರೆ ಚಳಿ, ಮಲಬದ್ಧತೆ, ಮಾತು ನಿಧಾನ. ಎಲ್‌ಎಚ್, ಎಫ್‌ಎಸ್‌ಎಚ್ ಹೋದರೆ ಹೆಂಗಸರಲ್ಲಿ ಮುಟ್ಟು ನಿಲ್ಲುತ್ತದೆ, ಗಂಡಸರಲ್ಲಿ ಆಸಕ್ತಿ ಮತ್ತು ಶಕ್ತಿ ಕುಗ್ಗುತ್ತದೆ, ಗಡ್ಡ ಬೋಳಿಸುವ ಕೆಲಸ ಅಪರೂಪವಾಗುತ್ತದೆ. ಕಂಕುಳ ಕೂದಲು ಉದುರುತ್ತದೆ. ಚರ್ಮ ಬಿಳಿಚಿಕೊಂಡು, ತೆಳುವಾಗಿ, ಸಣ್ಣ ಸುಕ್ಕುಗಳು ಕಾಣುತ್ತವೆ. ಅಡ್ರಿನಲ್ ಗ್ರಂಥಿಯೇ ನೇರವಾಗಿ ಕೆಟ್ಟರೆ ಮೈ ಕಪ್ಪಾಗುತ್ತದೆ, ಇಲ್ಲಿ ಹಾಗಾಗುವುದಿಲ್ಲ. ನೋಡಿದವರು ರಕ್ತ ಕಮ್ಮಿ ಎಂದುಕೊಳ್ಳಲು ಇದೂ ಒಂದು ಕಾರಣ.

ಗ್ರಂಥಿಗೆ ಮೀಸಲು ಬಲ ತುಂಬ ಇದೆ. ಮುಂದಿನ ಹಾಲೆಯ ಮುಕ್ಕಾಲು ಭಾಗದಷ್ಟು ಹೋಗುವವರೆಗೆ ಲಕ್ಷಣ ಸ್ಪಷ್ಟವಾಗದೆ ಇರಬಹುದು. ಅದಕ್ಕೇ ಕಾಯಿಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ತಡವಾಗಿ ಗೊತ್ತಾಗುತ್ತದೆ. ಅಷ್ಟರಲ್ಲಿ ಹಾವಿನ ಕಡಿತದ ನೆನಪೇ ವೈದ್ಯರ ಮುಂದೆ ಬಂದಿರುವುದಿಲ್ಲ.

ವಿಷ ಅಲ್ಲಿಗೆ ತಲುಪುವುದು ಹೇಗೆ

ಕೊಳಕುಮಂಡಲದ ವಿಷ ಮುಖ್ಯವಾಗಿ ರಕ್ತ ಹೆಪ್ಪುಗಟ್ಟುವ ಕ್ರಿಯೆಯ ಮೇಲೆ ದಾಳಿ ಮಾಡುತ್ತದೆ. ಹೆಪ್ಪು ಕಟ್ಟಿಸುವ ಹತ್ತನೇ ಮತ್ತು ಐದನೇ ಅಂಶಗಳನ್ನು ಕೆರಳಿಸುವ ವಸ್ತುಗಳು ಅದರಲ್ಲಿವೆ. ಮೈಯೆಲ್ಲ ಸಣ್ಣ ನಾಳಗಳಲ್ಲಿ ಕಿರಿ ಹೆಪ್ಪುಗಳು ಕಟ್ಟಿ, ಹೆಪ್ಪುಗಟ್ಟಿಸುವ ಸಾಮಗ್ರಿಯೇ ಖರ್ಚಾಗಿ, ಕೊನೆಗೆ ರಕ್ತ ಹೆಪ್ಪುಗಟ್ಟದ ಸ್ಥಿತಿ ಬರುತ್ತದೆ. ಜೊತೆಗೆ ನಾಳಗಳ ಗೋಡೆಯನ್ನು ಕೊರೆಯುವ ಕಿಣ್ವಗಳೂ ಇವೆ. ಮೂತ್ರಪಿಂಡ ಕೆಡುವುದು, ಪಿಟ್ಯುಟರಿ ಕೆಡುವುದು ಒಂದೇ ಕಾರಣದ ಎರಡು ಫಲಗಳು: ಸಣ್ಣ ನಾಳಗಳಲ್ಲಿ ಹೆಪ್ಪು, ರಕ್ತಸ್ರಾವ, ಜೊತೆಗೆ ರಕ್ತದೊತ್ತಡದ ಕುಸಿತ. ಡಯಾಲಿಸಿಸ್ ಬೇಕಾದವರಲ್ಲಿ ಪಿಟ್ಯುಟರಿಯ ಮೇಲೂ ಕಣ್ಣಿಡಬೇಕು ಎನ್ನುವುದು ಇದಕ್ಕೇ. ಕಣ್ಣಿನ ಬಿಳಿಭಾಗ, ರೆಪ್ಪೆ, ಕೆನ್ನೆ ಊದಿಕೊಂಡು ನಾಳಗಳು ಸೋರುತ್ತಿರುವ ಚಿಹ್ನೆ ಕಂಡವರಲ್ಲೂ ಅಷ್ಟೇ ಎಚ್ಚರ ಬೇಕು. 1987ರಲ್ಲಿ ಬರ್ಮಾದ ರೋಗಿಗಳ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ವರದಿ ಇದರ ತಕ್ಷಣದ ರೂಪವನ್ನೂ ದೀರ್ಘಕಾಲದ ರೂಪವನ್ನೂ ವಿವರಿಸಿತು. ಆಮೇಲೆ ದಕ್ಷಿಣ ಭಾರತದಿಂದಲೂ ವರದಿಗಳು ಬರುತ್ತಲೇ ಇವೆ.

ಪ್ರತಿವಿಷದ ಲೆಕ್ಕ ಇಲ್ಲಿ ಗಮನಿಸಬೇಕು. ಒಂದು ಕಡಿತದಲ್ಲಿ ಕೊಳಕುಮಂಡಲ ಸರಾಸರಿ 63 ಮಿಲಿಗ್ರಾಮ್ ವಿಷ ಬಿಡುತ್ತದೆ ಎಂದು ಭಾರತದ ಚಿಕಿತ್ಸಾ ಮಾರ್ಗಸೂಚಿ ಹಿಡಿಯುತ್ತದೆ. ನಮ್ಮ ಪ್ರತಿವಿಷದ ಒಂದು ಮಿಲಿಲೀಟರ್ ಅದರ 0.6 ಮಿಲಿಗ್ರಾಮ್ ವಿಷವನ್ನು ತಟಸ್ಥಗೊಳಿಸುತ್ತದೆ. 10 ಮಿಲಿಲೀಟರಿನ ಹತ್ತು ವಯಲ್ ಅಂದರೆ 60 ಮಿಲಿಗ್ರಾಮ್. ಮೊದಲ ಸುತ್ತಿಗೆ 8ರಿಂದ 10 ವಯಲ್ ಎನ್ನುವುದು ಈ ಲೆಕ್ಕದಿಂದ ಬಂದದ್ದು. ಆದರೆ ಪ್ರತಿವಿಷ ತಡೆಯುವುದು ಇನ್ನೂ ಓಡಾಡುತ್ತಿರುವ ವಿಷವನ್ನು ಮಾತ್ರ. ಆಗಲೇ ಕಟ್ಟಿಕೊಂಡ ಹೆಪ್ಪನ್ನು ಅದು ಬಿಡಿಸದು, ಸತ್ತ ಕೋಶವನ್ನು ಎಬ್ಬಿಸದು. ಪಿಟ್ಯುಟರಿ ಉಳಿಸುವ ಮೊದಲ ಔಷಧ ಗಂಟೆಗಳ ಲೆಕ್ಕದಲ್ಲಿ ಸಿಗುವ ಪ್ರತಿವಿಷವೇ. ಕಚ್ಚಿದ ಜಾಗ ಕೊಯ್ಯುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ನಾಟಿ ಔಷಧಿಗೆ ಹೋಗಿ ಅರ್ಧ ದಿನ ಕಳೆಯುವುದು ಎಲ್ಲವೂ ಈ ಗಂಟೆಗಳನ್ನೇ ನುಂಗುತ್ತವೆ. ಕೈಕಾಲು ಅಲ್ಲಾಡದಂತೆ ಇಟ್ಟು 108ಕ್ಕೆ ಕರೆ ಮಾಡುವುದೊಂದೇ ದಾರಿ.

ವಿಷ ರಕ್ತಕ್ಕೆ ಸೇರಿದೆಯೋ ಎಂದು ತಿಳಿಯುವ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯ ಮೇಜಿನ ಮೇಲೆ ಆಗುವಂಥದ್ದು. ಹೊಸದಾದ, ಒಣಗಿದ, ಸ್ವಚ್ಛ ಗಾಜಿನ ಕೊಳವೆಗೆ ಸುಮಾರು 2 ಮಿಲಿಲೀಟರ್ ರಕ್ತ ಹಾಕಿ ಅಲ್ಲಾಡಿಸದೆ 20 ನಿಮಿಷ ನಿಲ್ಲಿಸಬೇಕು. ಆಮೇಲೆ ನಿಧಾನವಾಗಿ ಒಂದು ಸಲ ವಾಲಿಸಬೇಕು. ಮೊಸರು ಗಟ್ಟಿಯಾದಂತೆ ನಿಂತರೆ ಸರಿ, ನೀರಿನಂತೆ ಹರಿದರೆ ವಿಷ ಏರಿದೆ. ಕೊಳವೆಯನ್ನು ಸೋಪಿನ ಪುಡಿಯಲ್ಲಿ ತೊಳೆದು ಮತ್ತೆ ಬಳಸಿದ್ದರೆ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ದಾರಿ ತಪ್ಪಿಸುತ್ತದೆ. ಪ್ಲಾಸ್ಟಿಕ್ ಕೊಳವೆ, ಸಿರಿಂಜು ಕೂಡ ಹಾಗೆಯೇ. ಐದು ನಿಮಿಷಕ್ಕೊಮ್ಮೆ ಎತ್ತಿ ನೋಡುವ ಆತುರವೂ ಪರೀಕ್ಷೆಯನ್ನು ಕೆಡಿಸುತ್ತದೆ. ಪ್ರತಿವಿಷ ಕೊಟ್ಟು 6 ಗಂಟೆಯಾದ ಮೇಲೆ ಮತ್ತೆ ಇದನ್ನೇ ಮಾಡಿ, ಹರಿದರೆ ಇನ್ನೊಂದು ಸುತ್ತು ಕೊಡಬೇಕು. ಎರಡು ಮೂರು ಸುತ್ತು ಬೇಕಾದವರ ಹೆಸರಿನ ಮುಂದೆ ಒಂದು ಗುರುತು ಹಾಕಿಟ್ಟುಕೊಂಡರೆ, ಮುಂದೆ ಪಿಟ್ಯುಟರಿ ಪರೀಕ್ಷೆಗೆ ಯಾರನ್ನು ಕರೆಯಬೇಕು ಎಂಬ ಪಟ್ಟಿ ತಾನಾಗಿ ಸಿಗುತ್ತದೆ.

ಮಲೆನಾಡಿನ ಓದುಗರಿಗೆ ಒಂದು ಮಾತು. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಾಫಿ ತೋಟಗಳಲ್ಲಿ ಕಚ್ಚುವ ಮಂಡಲವೆಲ್ಲ ಕೊಳಕುಮಂಡಲವಲ್ಲ. ಅದು ಹೆಚ್ಚಾಗಿ ಬಯಲಿನ, ಹೊಲದ, ಕುರುಚಲಿನ ಹಾವು. ದಟ್ಟ ನೆರಳಿನ ತೋಟದಲ್ಲಿ ಗುಳಿಮಂಡಲಗಳ ಜಾತಿಗಳಿವೆ. ಅವುಗಳಲ್ಲಿ ಗೂನುಮೂಗಿನದು ರಕ್ತವನ್ನೂ ಮೂತ್ರಪಿಂಡವನ್ನೂ ಕೆಡಿಸಬಲ್ಲದು. ನಮ್ಮ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ ತಯಾರಾದದ್ದು, ಗೂನುಮೂಗಿನದಕ್ಕೆ ಕೆಲಸ ಮಾಡದು. ಹಾಗಾಗಿ ಹಾವನ್ನು ಹೊಡೆದು ತರುವ ಸಾಹಸ ಬೇಡ, ದೂರದಿಂದ ಮೊಬೈಲಿನಲ್ಲಿ ಫೋಟೊ ಸಿಕ್ಕರೆ ಅದು ವೈದ್ಯರಿಗೆ ನಿಜವಾಗಿ ಉಪಯೋಗ.

ವಾರ್ಡಿನಲ್ಲಿ, ಆಮೇಲೆ ಮನೆಯಲ್ಲಿ

ಕೆಲವರಲ್ಲಿ ಪಿಟ್ಯುಟರಿಯ ಸೋಲು ಆಸ್ಪತ್ರೆಯಲ್ಲಿದ್ದಾಗಲೇ ಕಾಣುತ್ತದೆ. ರಕ್ತ ಹೆಪ್ಪುಗಟ್ಟಲು ಶುರುವಾಗಿ, ಎಲ್ಲ ಸುಧಾರಿಸುತ್ತಿದೆ ಎನ್ನುವಾಗ ರಕ್ತದೊತ್ತಡ ಬೀಳುತ್ತದೆ. ಎಷ್ಟು ಸಲೈನ್ ಹಾಕಿದರೂ ಏರದು. ಸಕ್ಕರೆ 50ಕ್ಕೆ ಇಳಿಯುತ್ತದೆ, ಗ್ಲೂಕೋಸ್ ಕೊಟ್ಟರೆ ಏರಿ ಮತ್ತೆ ಇಳಿಯುತ್ತದೆ. ಸಕ್ಕರೆ ಕಾಯಿಲೆ ಇಲ್ಲದವರಲ್ಲಿ, ಇನ್ಸುಲಿನ್ ಕೊಡದೆ ಇರುವಾಗ, ಸಕ್ಕರೆ ಹೀಗೆ ಕುಸಿದರೆ ಪಿಟ್ಯುಟರಿಯ ನೆನಪು ಬರಲೇಬೇಕು. ಕಾರ್ಟಿಸೋಲ್ ಪರೀಕ್ಷೆಗೆ ರಕ್ತ ತೆಗೆದಿಟ್ಟು, ವರದಿಗೆ ಕಾಯದೆ, 100 ಮಿಲಿಗ್ರಾಮ್ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಕೊಡುವುದು ಸರಿಯಾದ ಕ್ರಮ. ಕಾದು ಕೂತರೆ ವರದಿ ಬರುವ ಹೊತ್ತಿಗೆ ರೋಗಿ ಇರಲಿಕ್ಕಿಲ್ಲ.

ಇಲ್ಲೊಂದು ತೊಡಕಿದೆ. ಪ್ರತಿವಿಷಕ್ಕೆ ತುರಿಕೆ, ನಡುಕ ಬಂದರೆ ಅದೇ ಹೈಡ್ರೊಕಾರ್ಟಿಸೋನ್ ಕೊಟ್ಟಿರುತ್ತಾರೆ. ಆ ಔಷಧವೂ ಕಾರ್ಟಿಸೋಲೇ ಆದ್ದರಿಂದ ಪರೀಕ್ಷೆಯಲ್ಲಿ ಮಟ್ಟ ಚೆನ್ನಾಗಿದೆ ಎಂದು ಬರುತ್ತದೆ. ಕೊನೆಯ ಡೋಸ್ ಕೊಟ್ಟು 24 ಗಂಟೆಯಾದರೂ ಕಳೆದಿರಬೇಕು. ಮನೆಗೆ ಹೋದ ಮೇಲೆ ಊರಲ್ಲಿ ಹಾಕಿಸಿಕೊಳ್ಳುವ ಶಕ್ತಿಯ ಸೂಜಿಯಲ್ಲಿ ಎಷ್ಟೋ ಸಲ ಕಾರ್ಟಿಸೋಲಿನಂತೆ ಕೆಲಸ ಮಾಡುವ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಇರುತ್ತದೆ. "ಆ ಸೂಜಿ ಹಾಕಿಸ್ಕೊಂಡ್ರೆ ಎರಡು ದಿನ ಚೆನ್ನಾಗಿರ್ತೀನಿ ಸಾರ್" ಎನ್ನುವ ಮಾತು ಸ್ವತಃ ಒಂದು ಸುಳಿವು. ದೇಹದಲ್ಲಿ ಇಲ್ಲದ ವಸ್ತುವನ್ನೇ ಆ ಸೂಜಿ ತುಂಬುತ್ತಿದೆ.

ಬಿಡುಗಡೆಯಾದ ಮೇಲಿನ ಪರೀಕ್ಷೆಗಳಲ್ಲಿ ಮೊದಲನೆಯದು ಬೆಳಿಗ್ಗೆ 8 ಗಂಟೆಯ ಕಾರ್ಟಿಸೋಲ್. ಡೆಸಿಲೀಟರಿಗೆ 3 ಮೈಕ್ರೊಗ್ರಾಮಿಗಿಂತ ಕಡಿಮೆ ಬಂದರೆ ಕೊರತೆ ಇದೆ ಎಂದೇ ಅರ್ಥ. 15ಕ್ಕಿಂತ ಹೆಚ್ಚಿದ್ದರೆ ಬಹುಮಟ್ಟಿಗೆ ಭಯವಿಲ್ಲ. ನಡುವೆ ಬಂದರೆ ಎಸಿಟಿಎಚ್ ಚುಚ್ಚಿ ಅಡ್ರಿನಲ್ ಎಷ್ಟು ಸ್ಪಂದಿಸುತ್ತದೆ ಎಂದು ನೋಡಬೇಕು. ಕಡಿತವಾದ ಮೊದಲ ಕೆಲವು ವಾರಗಳಲ್ಲಿ ಈ ಚುಚ್ಚಿ ನೋಡುವ ಪರೀಕ್ಷೆ ಮೋಸ ಮಾಡುತ್ತದೆ. ಪಿಟ್ಯುಟರಿ ಸತ್ತಿದ್ದರೂ ಅಡ್ರಿನಲ್ ಇನ್ನೂ ಸೊರಗಿರುವುದಿಲ್ಲ, ಚುಚ್ಚಿದ ಎಸಿಟಿಎಚ್‌ಗೆ ಚೆನ್ನಾಗಿಯೇ ಸ್ಪಂದಿಸುತ್ತದೆ. ಅದಕ್ಕಾಗಿ ಒಂದು ಸಲ ಮಾಡಿ ಬಿಡುವುದಲ್ಲ, ಮೂರು ತಿಂಗಳಿಗೆ ಮತ್ತೆ ನೋಡಬೇಕು.

ಎಂಟು ಗಂಟೆ ಎನ್ನುವುದು ಕಾಗದದ ಮೇಲೆ ಸುಲಭ. ಹಳ್ಳಿಯಿಂದ ಮೊದಲ ಬಸ್ಸು ಹತ್ತಿ ಹಾಸನಕ್ಕೋ ಚಿಕ್ಕಮಗಳೂರಿಗೋ ಬಂದು, ಚೀಟಿ ಮಾಡಿಸಿ, ವೈದ್ಯರನ್ನು ಕಂಡು, ಲ್ಯಾಬ್ ತಲುಪುವಾಗ ಹನ್ನೊಂದಾಗಿರುತ್ತದೆ. ಆ ಹೊತ್ತಿಗೆ ಆರೋಗ್ಯವಂತರಲ್ಲೂ ಕಾರ್ಟಿಸೋಲ್ ಇಳಿದಿರುತ್ತದೆ. ಹನ್ನೊಂದಕ್ಕೆ 16 ಬಂದರೆ ನೆಮ್ಮದಿ. 6 ಬಂದರೆ ಏನೂ ಹೇಳಲಾಗದು. ತಾಲ್ಲೂಕು ಆಸ್ಪತ್ರೆಯಲ್ಲಿ ಬೆಳಿಗ್ಗೆಯೇ ರಕ್ತ ತೆಗೆದು, ಸೀರಮ್ ಬೇರ್ಪಡಿಸಿ, ತಂಪಿನಲ್ಲಿಟ್ಟು ಜಿಲ್ಲಾ ಲ್ಯಾಬಿಗೆ ಕಳಿಸುವುದೇ ಕೆಲಸಕ್ಕೆ ಬರುವ ಏರ್ಪಾಡು.

ಅತಿ ಸಾಮಾನ್ಯ ತಪ್ಪು ಥೈರಾಯ್ಡ್ ವಿಷಯದಲ್ಲಿ. ಸುಸ್ತು ಎಂದವರಿಗೆ ಟಿಎಸ್‌ಎಚ್ ಒಂದನ್ನೇ ಬರೆಯುತ್ತಾರೆ, ವರದಿ ನಾರ್ಮಲ್ ಎಂದು ಬರುತ್ತದೆ, ಥೈರಾಯ್ಡ್ ಇಲ್ಲ ಹೋಗಮ್ಮ ಎಂದು ಕಳಿಸುತ್ತಾರೆ. ಥೈರಾಯ್ಡ್ ಕೆಟ್ಟರೆ ಟಿಎಸ್‌ಎಚ್ ಏರುತ್ತದೆ ಎಂಬ ನಿಯಮ ಪಿಟ್ಯುಟರಿ ಚೆನ್ನಾಗಿರುವವರಿಗೆ. ಟಿಎಸ್‌ಎಚ್ ತಯಾರಿಸುವ ಗ್ರಂಥಿಯೇ ಸೋತಾಗ ಅದು ಏರುವುದು ಹೇಗೆ? ಇವರಿಗೆ ಥೈರಾಯ್ಡ್ ತಯಾರಿಸುವ ಹಾರ್ಮೋನಾದ ಫ್ರೀ ಟಿ4 ಜೊತೆಗೇ ನೋಡಬೇಕು. ಟಿ4 ಕಡಿಮೆ, ಟಿಎಸ್‌ಎಚ್ ಏರಿಲ್ಲ ಎಂದಾದರೆ ದೋಷ ಥೈರಾಯ್ಡಿನದಲ್ಲ, ಮೇಲಿನ ಪಿಟ್ಯುಟರಿಯದು. ಮುಟ್ಟು ನಿಲ್ಲುವ ವಯಸ್ಸು ದಾಟಿದವರಲ್ಲಿ ಎಫ್‌ಎಸ್‌ಎಚ್ ಸಹಜವಾಗಿ ತುಂಬ ಹೆಚ್ಚಿರಬೇಕು. ಕಡಿಮೆ ಇದ್ದರೆ ಅದೊಂದೇ ಸಾಕು, ಪಿಟ್ಯುಟರಿ ಕೆಟ್ಟಿದೆ ಎಂದು ಅನುಮಾನಿಸಲು. ಗಂಡಸರಲ್ಲಿ ಬೆಳಗಿನ ಟೆಸ್ಟೊಸ್ಟಿರೋನ್. ಎಂಆರ್‌ಐ ಆಮೇಲೆ, ವರ್ಷಗಳು ಕಳೆದಿದ್ದರೆ ಗ್ರಂಥಿ ಸೊರಗಿ ಗುಳಿ ಖಾಲಿಯಾದಂತೆ ಕಾಣುತ್ತದೆ. ಎಂಆರ್‌ಐಗೆ ದುಡ್ಡು ಹೊಂದಿಸುವವರೆಗೆ ಚಿಕಿತ್ಸೆ ತಡೆಹಿಡಿಯುವ ಅಗತ್ಯ ಇಲ್ಲ.

ಚಿಕಿತ್ಸೆಯಲ್ಲಿ ಕ್ರಮ ತಪ್ಪಬಾರದು. ಮೊದಲು ಕಾರ್ಟಿಸೋಲ್, ಆಮೇಲೆ ಥೈರಾಯ್ಡ್. ಟಿ4 ಕಡಿಮೆ ಇದೆ ಎಂದು ನೇರವಾಗಿ ಥೈರಾಕ್ಸಿನ್ ಮಾತ್ರೆ ಶುರು ಮಾಡಿದರೆ ದೇಹದ ವೇಗ ಏರಿ, ಇರುವ ಅಲ್ಪ ಕಾರ್ಟಿಸೋಲ್ ಬೇಗ ಖರ್ಚಾಗಿ, ಕೆಲವೇ ದಿನಗಳಲ್ಲಿ ರೋಗಿ ಕುಸಿದು ಬೀಳುತ್ತಾರೆ. ಹೈಡ್ರೊಕಾರ್ಟಿಸೋನ್ ದಿನಕ್ಕೆ ಒಟ್ಟು 15ರಿಂದ 20 ಮಿಲಿಗ್ರಾಮ್, ಹೆಚ್ಚು ಪಾಲು ಬೆಳಿಗ್ಗೆ ಎದ್ದ ಕೂಡಲೇ, ಉಳಿದದ್ದು ಮಧ್ಯಾಹ್ನ. ಅದು ಸಿಗದಲ್ಲಿ ಬೆಳಿಗ್ಗೆ ಒಂದೇ ಸಲ ಪ್ರೆಡ್ನಿಸೊಲೋನ್ 3ರಿಂದ 5 ಮಿಲಿಗ್ರಾಮ್ ಕೊಡುವುದುಂಟು. ಥೈರಾಕ್ಸಿನ್ ಡೋಸನ್ನು ಸರಿಹೊಂದಿಸುವುದು ಟಿ4 ನೋಡಿ, ಟಿಎಸ್‌ಎಚ್ ನೋಡಿ ಅಲ್ಲ. ಕಾರ್ಟಿಸೋಲ್ ಕೊಟ್ಟ ಮೇಲೆ ಯಾರಿಗಾದರೂ ಲೀಟರುಗಟ್ಟಲೆ ಮೂತ್ರ ಹೋಗತೊಡಗಿದರೆ ಹಿಂದಿನ ಹಾಲೆಗೂ ಪೆಟ್ಟಾಗಿದೆ ಎಂದು ತಿಳಿಯಬೇಕು. ಅಪರೂಪ, ಆದರೆ ಅಲ್ಲಿಯವರೆಗೆ ಮುಚ್ಚಿಕೊಂಡಿದ್ದದ್ದು ಆಗ ಹೊರಬರುತ್ತದೆ.

ರೋಗಿಗೂ ಮನೆಯವರಿಗೂ ಹೇಳಲೇಬೇಕಾದ ಮಾತು ಇದು: ಈ ಮಾತ್ರೆಯನ್ನು ಒಂದು ದಿನವೂ ನಿಲ್ಲಿಸುವಂತಿಲ್ಲ. ಸ್ಟೀರಾಯ್ಡ್ ಕೆಟ್ಟದ್ದು ಎಂದು ಯಾರೋ ಹೇಳಿದರೆಂದು ಬಿಟ್ಟವರು ತುರ್ತುಘಟಕಕ್ಕೆ ಬರುತ್ತಾರೆ. ದೇಹ ತಾನೇ ತಯಾರಿಸಬೇಕಾದಷ್ಟನ್ನೇ ಹೊರಗಿನಿಂದ ಕೊಡುತ್ತಿರುವುದು, ಅದಕ್ಕಿಂತ ಹೆಚ್ಚಲ್ಲ. ಜ್ವರ ಬಂದರೆ ಆ ದಿನಗಳಿಗೆ ಡೋಸ್ ಎರಡರಿಂದ ಮೂರು ಪಟ್ಟು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಹತ್ತಿರದ ಆಸ್ಪತ್ರೆಯಲ್ಲಿ 100 ಮಿಲಿಗ್ರಾಮ್ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್. ಈ ಸಾಲನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಚೀಟಿಯೊಂದು ಆಧಾರ್ ಕಾರ್ಡಿನ ಜೊತೆಗೆ ಇರಬೇಕು.

ಬಾಣಂತನದಲ್ಲೂ ಇದೇ ಗ್ರಂಥಿ

ಹಾವಿಗಿಂತ ಮೊದಲು ವೈದ್ಯರು ಈ ಕಾಯಿಲೆಯನ್ನು ಕಂಡದ್ದು ಹೆರಿಗೆಯಲ್ಲಿ. ಆಗ ಗ್ಲಾಸ್ಗೋದಲ್ಲಿದ್ದ ರೋಗಶಾಸ್ತ್ರಜ್ಞ ಹೆರಾಲ್ಡ್ ಶೀಹನ್ 1937ರಲ್ಲಿ ಇದನ್ನು ವಿವರಿಸಿದರು. ಬಸುರಿಯಲ್ಲಿ ಪ್ರೊಲ್ಯಾಕ್ಟಿನ್ ಕೋಶಗಳು ಹೆಚ್ಚಿ ಗ್ರಂಥಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಹಿಗ್ಗಿರುತ್ತದೆ. ಅದಕ್ಕೆ ಬರುವ ರಕ್ತ ಮಾತ್ರ ಅದೇ ಕಡಿಮೆ ಒತ್ತಡದ್ದು. ಹೆರಿಗೆಯಲ್ಲಿ ವಿಪರೀತ ರಕ್ತ ಹೋದರೆ ಕೊನೆಭಾಗದ ಗದ್ದೆ ಒಣಗುತ್ತದೆ. ಎದೆಹಾಲು ಬಾರದಿರುವುದು ಮೊದಲ ಚಿಹ್ನೆ, ಮುಟ್ಟು ಮರಳಿ ಬಾರದಿರುವುದು ಎರಡನೆಯದು. 2005ರಲ್ಲಿ ಪ್ರಕಟವಾದ ಕಾಶ್ಮೀರದ ಅಧ್ಯಯನವೊಂದು 20 ವರ್ಷ ದಾಟಿದ, ಹೆತ್ತ ಹೆಂಗಸರಲ್ಲಿ ಸುಮಾರು ಶೇ 3ರಷ್ಟು ಮಂದಿಯಲ್ಲಿ ಇದನ್ನು ಕಂಡಿತು. ಅವರಲ್ಲಿ ಮೂರನೇ ಎರಡರಷ್ಟು ಮಂದಿ ಮನೆಯಲ್ಲೇ ಹೆತ್ತವರು. ಮಗು ಹುಟ್ಟಿದ ಕೂಡಲೇ ತಾಯಿಗೆ ಕೊಡುವ 10 ಯೂನಿಟ್ ಆಕ್ಸಿಟೋಸಿನ್ ಗರ್ಭಕೋಶವನ್ನು ಕುಗ್ಗಿಸಿ ರಕ್ತ ನಿಲ್ಲಿಸುತ್ತದೆ. ಹಿಂದಿನ ಹಾಲೆಯ ಹಾರ್ಮೋನು ಹೀಗೆ ಮುಂದಿನ ಹಾಲೆಯನ್ನು ಕಾಯುತ್ತದೆ. 2ರಿಂದ 8 ಡಿಗ್ರಿ ತಂಪಿನಲ್ಲಿ ಇಡದಿದ್ದರೆ ಆ ಔಷಧ ಸತ್ವ ಕಳೆದುಕೊಳ್ಳುತ್ತದೆ. ಕರೆಂಟು ಹೋಗುವ ಊರುಗಳ ಆರೋಗ್ಯ ಕೇಂದ್ರಗಳಲ್ಲಿ ಫ್ರಿಜ್ಜಿನ ಕಾಳಜಿ ಅದಕ್ಕೇ ಚಿಕ್ಕ ಸಂಗತಿಯಲ್ಲ. ಐವತ್ತು ದಾಟಿದ ಹೆಂಗಸು ಸೋಡಿಯಂ ಕಡಿಮೆಯಾಗಿ ಪದೇ ಪದೇ ದಾಖಲಾಗುತ್ತಿದ್ದರೆ, "ಕೊನೇ ಹೆರಿಗೇಲಿ ತುಂಬಾ ರಕ್ತ ಹೋಗಿತ್ತಾ ಅಮ್ಮ, ಮಗೂಗೆ ಹಾಲು ಬಂತಾ?" ಎಂದು ಕೇಳುವುದು ಹಲವು ಸ್ಕ್ಯಾನ್‌ಗಳಿಗಿಂತ ಹೆಚ್ಚು ಹೇಳುತ್ತದೆ.

ವರದಿಯ ಪುಸ್ತಕದಲ್ಲಿ ಒಂದು ಸಾಲು

ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಮಂದಿ ಸತ್ತಿದ್ದಾರೆ ಎಂಬುದು ದೊಡ್ಡ ಸಮೀಕ್ಷೆಯೊಂದರ ಅಂದಾಜು. 2024ರ ಮಾರ್ಚಿನಲ್ಲಿ ಬಂದ ರಾಷ್ಟ್ರೀಯ ಕ್ರಿಯಾಯೋಜನೆ 2030ರೊಳಗೆ ಸಾವನ್ನು ಅರ್ಧಕ್ಕೆ ಇಳಿಸುವ ಗುರಿ ಇಟ್ಟಿದೆ. ಸಾವು ಇಳಿದಷ್ಟೂ ಬದುಕಿ ಉಳಿದವರು ಹೆಚ್ಚುತ್ತಾರೆ. ಡಯಾಲಿಸಿಸ್ ದಾಟಿ ಬಂದವರು, ಅಂದರೆ ಪಿಟ್ಯುಟರಿಗೆ ಪೆಟ್ಟು ಬಿದ್ದಿರುವ ಸಂಭವ ಹೆಚ್ಚಿರುವವರು. ಸಾವಿನ ಎಣಿಕೆಯಷ್ಟೇ ಗುರಿಯಾದರೆ ಇವರು ಲೆಕ್ಕದಿಂದ ಜಾರುತ್ತಾರೆ.

ಹೊಸ ಕಟ್ಟಡ, ಹೊಸ ಯಂತ್ರ ಏನೂ ಬೇಡ. ಹಾವು ಕಡಿತದ ವರದಿ ಹೇಗೂ ಸರ್ಕಾರಿ, ಖಾಸಗಿ ಎರಡೂ ಆಸ್ಪತ್ರೆಗಳಿಂದ ಬರಬೇಕು. ಅದರಲ್ಲಿ ರಕ್ತ ಹೆಪ್ಪುಗಟ್ಟಲಿಲ್ಲ, ಮೂತ್ರಪಿಂಡ ಕೆಟ್ಟಿತ್ತು ಎಂಬ ಎರಡು ಗುರುತುಗಳಿದ್ದರೆ ಅಂಥವರ ಪಟ್ಟಿ ಆಯಾ ಊರಿನ ಆಶಾ ಕಾರ್ಯಕರ್ತೆಗೆ ಹೋಗಲಿ. ಬಿಡುಗಡೆಯ ಚೀಟಿಯಲ್ಲಿ ಬಿಪಿ, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಜೊತೆಗೆ ಒಂದೂವರೆ ತಿಂಗಳು, ಮೂರು ತಿಂಗಳು, ಒಂದು ವರ್ಷಕ್ಕೆ ಬೆಳಗಿನ ಕಾರ್ಟಿಸೋಲ್, ಫ್ರೀ ಟಿ4, ಸೋಡಿಯಂ ಎಂದು ಬರೆದಿರಲಿ. ಆಶಾ ಕೇಳಬೇಕಾದದ್ದು ನಾಲ್ಕೇ ಪ್ರಶ್ನೆ: ಬೆಳಿಗ್ಗೆ ಏಳೋಕಾಗುತ್ತಾ, ಊಟ ಸೇರುತ್ತಾ, ತಲೆ ಸುತ್ತುತ್ತಾ, ಮುಟ್ಟು ಸರಿಯಾಗಿ ಆಗ್ತಿದೆಯಾ.

ಮಕ್ಕಳ ವಿಷಯದಲ್ಲಿ ಪ್ರಶ್ನೆಯೇ ಬೇರೆ. ಕಚ್ಚಿಸಿಕೊಂಡ ಹುಡುಗ ಸುಸ್ತು ಎನ್ನುವುದಿಲ್ಲ, ಆಟ ಕಡಿಮೆ ಮಾಡುತ್ತಾನೆ ಅಷ್ಟೇ. ಗ್ರಂಥಿಯಲ್ಲಿ ಅತಿ ಹೆಚ್ಚಿರುವುದು ಬೆಳವಣಿಗೆಯ ಕೋಶಗಳಾದ್ದರಿಂದ ಅವನಲ್ಲಿ ನಿಲ್ಲುವುದು ಎತ್ತರ. ಶಾಲೆಯಲ್ಲಿ ವರ್ಷಕ್ಕೊಮ್ಮೆ ಅಳೆದು ಬರೆಯುವ ಎತ್ತರದ ಕಾಲಂ ಇದೆಯಲ್ಲ, ಅದು ಸಾಕು. ಐದನೇ ಕ್ಲಾಸಿನಿಂದ ಆರಕ್ಕೆ ಹೋಗುವಾಗ ಓರಗೆಯವರು ಐದಾರು ಸೆಂಟಿಮೀಟರ್ ಬೆಳೆದು ಇವನು ಒಂದೇ ಸೆಂಟಿಮೀಟರ್ ಬೆಳೆದಿದ್ದರೆ, ಹಿಂದಿನ ವರ್ಷ ಹಾವು ಕಚ್ಚಿತ್ತು ಎಂಬ ಮಾತನ್ನು ಮೇಷ್ಟ್ರಾಗಲಿ ತಾಯಿಯಾಗಲಿ ವೈದ್ಯರಿಗೆ ಹೇಳಬೇಕು. ಮೂಳೆಗಳ ತುದಿ ಕೂಡಿಕೊಳ್ಳುವ ಮೊದಲು ಸಿಕ್ಕರೆ ಬೆಳವಣಿಗೆಯ ಹಾರ್ಮೋನು ಕೊಟ್ಟು ಎತ್ತರ ಗಳಿಸಬಹುದು, ಕೂಡಿಕೊಂಡ ಮೇಲೆ ಆಗುವುದಿಲ್ಲ.